ತಂಗಿಯ ಎದೆಗೆ ನಾನು ಹೊಲಿದ ಹತ್ತಿ

ಮೊದಲೇ ಹೇಳಿಬಿಡುತ್ತೇನೆ, ಕಾಯಿಲೆ ನನ್ನದಲ್ಲ, ನನ್ನ ತಂಗಿ ವೇಣಿಯದು. ಅವಳ ಎದೆಯ ನಡುವೆ ಹುಟ್ಟಿನಿಂದ ಒಂದು ಗುಳಿ ಇದೆ. ಅದರ ಜೊತೆಗೇ ಬಂದ ಹೃದಯದ ಕಾಯಿಲೆ ನಮಗೆ ಗೊತ್ತಾಗುವಾಗ ಅವಳಿಗೆ ಇಪ್ಪತ್ತೈದು ವರ್ಷ. ಹದಿನಾಲ್ಕರಲ್ಲೇ ಗೊತ್ತಾಗಬೇಕಿತ್ತು. ನಡುವಿನ ಹನ್ನೊಂದು ವರ್ಷ ಹೋದದ್ದು ನನ್ನಿಂದ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಯಾರಿಗೂ ಉಪಯೋಗವಿಲ್ಲ.

ನಾನು ಓದಿದ್ದು ಏಳನೇ ತರಗತಿ. ಶಿರಸಿ ಪಕ್ಕದ ಇಸಳೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ರವಿಕೆ, ಚೂಡಿದಾರ್ ಹೊಲಿಯುತ್ತೇನೆ. ಬರೆದು ರೂಢಿಯಿಲ್ಲ. ಆದರೆ ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ತಾಯಿಯನ್ನು ಕಂಡೆ. ಸೆಕೆಯ ಮಧ್ಯಾಹ್ನ ಮಗಳಿಗೆ ಎರಡು ದುಪಟ್ಟಾ ಹೊದಿಸಿ, ಮೇಲಿನದಕ್ಕೆ ಪಿನ್ನು ಚುಚ್ಚಿ ಕೂರಿಸಿದ್ದಳು. ಯಾಕೆ ಹೊದಿಸಿದ್ದಾಳೆ ಎನ್ನುವುದು ನನಗೆ ನೋಡಿದ ಕೂಡಲೇ ತಿಳಿಯಿತು. ಆ ತಾಯಿಗೆ ಹೇಳಬೇಕೆಂದುಕೊಂಡದ್ದನ್ನು ಹೇಳುವಷ್ಟರಲ್ಲಿ ಅವರ ಹೆಸರು ಕೂಗಿದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತವರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿ. ವೇಣಿ ಹುಟ್ಟಿದಾಗ ನನಗೆ ಹನ್ನೆರಡು ವರ್ಷ. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯಲು ಕೇರಿಯ ಗಂಗಜ್ಜಿ ಬರುತ್ತಿದ್ದಳು. ಬಚ್ಚಲಿನಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುವಳು. ಮೂಗನ್ನು ಎಳೆದು ನೀಳ ಮಾಡುವಳು, ತಲೆಯನ್ನು ಅಂಗೈಯಲ್ಲಿ ಒತ್ತಿ ದುಂಡಗೆ ಮಾಡುವಳು. ನಾನು ಬಿಸಿನೀರು ತುಂಬಿಕೊಡುತ್ತ ಪಕ್ಕದಲ್ಲಿ ನಿಂತಿರುತ್ತಿದ್ದೆ.

"ಕೂಸು ಅಂದ್ರೆ ಹಸಿಮಣ್ಣು ಇದ್ದ ಹಾಂಗೆ. ಈಗ ಹ್ಯಾಂಗೆ ತಿದ್ತಿವೋ ಸಾಯೋವರೆಗೂ ಹಾಂಗೇ," ಎಂದು ಅವಳು ಹೇಳುತ್ತಿದ್ದಳು. ನಾನು ಅದನ್ನು ಅಕ್ಷರ ಅಕ್ಷರ ನಂಬಿದ್ದೆ.

ಮೂರನೇ ವಾರ ಗಂಗಜ್ಜಿಗೆ ಜ್ವರ ಬಂತು. ಅವ್ವ ಇನ್ನೂ ಬಗ್ಗಿ ಏಳುವ ಸ್ಥಿತಿಯಲ್ಲಿರಲಿಲ್ಲ. ಆರು ದಿನ ಕೂಸಿಗೆ ನಾನೇ ಎರೆದೆ. ಆಗ ಕೂಸಿಗೆ ಕಫ ಕಟ್ಟಿತ್ತು. ಕಫ ಇದ್ದಾಗ ಗಂಗಜ್ಜಿ ಎದೆಯನ್ನು ಮೇಲಿನಿಂದ ಕೆಳಗೆ ನೀವುವುದನ್ನು ನೋಡಿದ್ದೆ. ನಾನು ಹೆಬ್ಬೆರಳು ಇಟ್ಟು ಒತ್ತಿದೆ. ಕೂಸು ಕಿರುಚಿತು. ಕಫ ಇಳಿಯುತ್ತಿದೆ ಅಂದುಕೊಂಡು ಇನ್ನೂ ಒತ್ತಿದೆ.

ಜ್ವರ ಬಿಟ್ಟು ಬಂದ ಗಂಗಜ್ಜಿ ಮೊದಲ ದಿನವೇ ಕೈ ನಿಲ್ಲಿಸಿದಳು. "ಇದೆಂತದೇ ಇಲ್ಲಿ ತಗ್ಗು? ಯಾರೇ ಒತ್ತಿದ್ದು?"

ಒಳಗಿನಿಂದ ಅವ್ವ ಎದ್ದು ಬಂದು ನೋಡಿದಳು. "ಹುಟ್ಟಿದಾಗಿಂದ ತಿಕ್ಕಿದ್ದು ನೀನು. ಮತ್ಯಾರು ಒತ್ತುದು?" ಎಂದಳು.

ಗಂಗಜ್ಜಿ ನನ್ನ ಕಡೆ ನೋಡಿದಳು. "ನಾನು ಬರೀ ನೀರು ಹಾಕಿದ್ದು," ಎಂದೆ.

ಮರುದಿನದಿಂದ ಬರುವುದು ಬೇಡ ಎಂದು ಅವ್ವ ಅವಳಿಗೆ ಹೇಳಿದಳು. ಮಾತು ಕೇರಿಯಲ್ಲೆಲ್ಲ ಹರಡಿತು. ಆಮೇಲೆ ಯಾರ ಮನೆಯವರೂ ಕೂಸಿಗೆ ಎರೆಯಲು ಗಂಗಜ್ಜಿಯನ್ನು ಕರೆಯಲಿಲ್ಲ. ಅವಳು ದಾರಿಯಲ್ಲಿ ಸಿಕ್ಕರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ವೇಣಿಗೆ ಮೂರು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಒಳ್ಳೆಯ ಎತ್ತರದ ಆಳು, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾಗಿತ್ತು. ಗದ್ದೆಯಿಂದ ಬಂದು ಬೆನ್ನು ನೋವು ಎಂದು ಮಲಗಿದವನು ಒಂದು ತಾಸಿನಲ್ಲಿ ಹೋಗಿಬಿಟ್ಟ. ನಲವತ್ತೂ ಆಗಿರಲಿಲ್ಲ. ಗಾಳಿ ಸೋಂಕು ಎಂದರು ಕೆಲವರು. ನಾವೂ ಹಾಗೇ ಅಂದುಕೊಂಡೆವು.

ನಾನು ಹೊಲಿಗೆ ಕಲಿತೆ, ಮದುವೆಯಾಗಿ ಇಸಳೂರಿಗೆ ಬಂದೆ. ಹೈಸ್ಕೂಲಿಗೆಂದು ವೇಣಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಬಸ್ಸಿನಲ್ಲಿ ಶಿರಸಿಗೆ ಹೋಗಿ ಬರುತ್ತಿದ್ದಳು. ಅಪ್ಪನ ಹಾಗೆ ಕೈಕಾಲು ಉದ್ದ, ಬೆರಳೂ ಉದ್ದ, ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಮೈ ಬೆಳೆದಂತೆ ಗುಳಿಯೂ ಆಳವಾಯಿತು. ಅಳತೆ ತೆಗೆಯುವಾಗ ಎದೆಯ ಸುತ್ತ ಹಿಡಿದ ಟೇಪು ನಡುವಿನಲ್ಲಿ ಮೈಗೆ ತಾಗುತ್ತಿರಲಿಲ್ಲ. ಅದರ ಕೆಳಗೆ ಮೊದಲು ಒಂದು ಬೆರಳು ಹಿಡಿಯುತ್ತಿತ್ತು, ಆಮೇಲೆ ಎರಡು. ಎಂಟನೇ ತರಗತಿಗೆ ಬರುವಾಗ ನನ್ನ ಮುಷ್ಟಿ ಕೂರುವಷ್ಟಾಯಿತು.

ನಾನು ಅವಳ ಸಮವಸ್ತ್ರದ ಅಸ್ತರಿನ ಒಳಗೆ ಅರಳೆಹತ್ತಿ ಇಟ್ಟು, ಜರುಗದ ಹಾಗೆ ಅಡ್ಡಡ್ಡ ಹೊಲಿಗೆ ಹಾಕಿದೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಾಕಿಕೊಂಡು ಕನ್ನಡಿ ನೋಡಿ ವೇಣಿಗೆ ಬಹಳ ಖುಷಿಯಾಯಿತು. "ಅಕ್ಕ, ನೀನಿಲ್ದೆ ಇದ್ರೆ ನಾನೆಂತ ಮಾಡ್ತಿದ್ನೆ?" ಎಂದಳು. ಬೇಸಿಗೆಯಲ್ಲಿ ಆ ಹತ್ತಿ ಬೆವರು ಕುಡಿದು ಒದ್ದೆಯಾಗುತ್ತಿತ್ತು. ಎದೆ ಮೇಲೆ ಬೆವರುಸಾಲೆ ಎದ್ದು ಕೆಂಪಾಗುತ್ತಿತ್ತು. ಪೌಡರ್ ಹಾಕಿಕೊಂಡು ಹೋಗುತ್ತಿದ್ದಳು.

ಬಸ್ ನಿಲ್ದಾಣದಿಂದ ಮನೆವರೆಗಿನ ಏರಿಗೆ ಅವಳು ಎರಡು ಕಡೆ ನಿಲ್ಲುತ್ತಿದ್ದಳು. ಪಕ್ಕದ ಮನೆಯ ಹುಡುಗಿಯರು ನಗುತ್ತಿದ್ದರು. "ಎಂತದೇ ಕೊಕ್ಕರೆ, ಅಷ್ಟುದ್ದ ಕಾಲು ಇಟ್ಕಂಡು ನಾಲ್ಕು ಹೆಜ್ಜೆಗೆ ಸೋತ್ಯನೆ?" ಇವಳೂ ನಗುತ್ತಿದ್ದಳು. ಮಾತಾಡಲು ಉಸಿರು ಸಾಕಾಗದೆ ನಗುತ್ತಿದ್ದಾಳೆ ಎನ್ನುವುದು ನನಗೆ ಕಾಣುತ್ತಿತ್ತು.

ಆ ವರ್ಷ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ಸಂಜೆ ವೇಣಿ ಮಡಚಿದ ಒಂದು ಚೀಟಿ ತಂದುಕೊಟ್ಟಳು.

"ಡಾಕ್ಟ್ರಮ್ಮ ಎದೆ ಮೇಲೆ ಕೊಳವೆ ಇಟ್ಟು ಬಾಳ ಹೊತ್ತು ಕೇಳಿದ್ರು ಅಕ್ಕ. ಮನೆಯವರ್ನ ಕರ್ಕಂಡು ಆಸ್ಪತ್ರೆಗೆ ಬರ್ಬೇಕಂತೆ. ಹತ್ತಿ ಯಾರು ಹೊಲ್ದಿದ್ದು ಅಂತನೂ ಕೇಳಿದ್ರು."

"ನೀ ಎಂತ ಹೇಳ್ದೆ?"

"ನಮ್ಮಕ್ಕ ಅಂದೆ."

ಚೀಟಿ ಕನ್ನಡದಲ್ಲೇ ಇತ್ತು. ಎದೆಗೂಡಿನ ದೋಷ, ಹೃದಯದ ಪರೀಕ್ಷೆ ಆಗಬೇಕು, ತಡಮಾಡಬೇಡಿ ಎಂದು ಬರೆದಿತ್ತು. ಆಸ್ಪತ್ರೆಗೆ ಹೋದರೆ ಇದು ಯಾವಾಗ ಆಯಿತು, ಹೇಗೆ ಆಯಿತು ಎಂದು ಕೇಳುತ್ತಾರೆ. ಫೋಟೋ ತೆಗೆಯುತ್ತಾರೆ. ಒತ್ತಿದ ಗುರುತು ಎಲುಬಿನ ಮೇಲೆ ಕಂಡೇ ಕಾಣುತ್ತದೆ ಎಂದು ನನಗೆ ಅನಿಸಿತು. ಇಪ್ಪತ್ತಾರು ವರ್ಷದ ಹೆಂಗಸು ನಾನು, ಹೀಗೆ ಯೋಚಿಸಿದೆ. ಅವ್ವನಿಗೆ ಗೊತ್ತಾಗುತ್ತದೆ, ಗಂಗಜ್ಜಿಗೆ ಮಾಡಿದ್ದು ಗೊತ್ತಾಗುತ್ತದೆ, ಎಲ್ಲದಕ್ಕಿಂತ ಹೆಚ್ಚಾಗಿ ವೇಣಿಗೆ ಗೊತ್ತಾಗುತ್ತದೆ.

ಚೀಟಿಯನ್ನು ಒಲೆಗೆ ಹಾಕಿದೆ. ಎರಡು ದಿನ ಬಿಟ್ಟು ವೇಣಿಗೆ, "ಪೇಟೆಯ ಡಾಕ್ಟ್ರಿಗೆ ಚೀಟಿ ತೋರ್ಸಿ ಕೇಳ್ಕಂಡು ಬಂದೆ, ಎಂತಾ ಇಲ್ಲ ಅಂದ್ರು, ಬೆಳೀತಾ ಸರಿಯಾಗ್ತದಂತೆ," ಎಂದೆ. ಅವಳು ಸಮಾಧಾನವಾಗಿ ಉಂಡು ಮಲಗಿದಳು. ಆ ಡಾಕ್ಟರಮ್ಮ ಮರುವರ್ಷ ಬರಲಿಲ್ಲ, ಬೇರೆಯವರು ಬಂದರು. ತಪಾಸಣೆಯ ದಿನ ನಾನು ವೇಣಿಯನ್ನು ಶಾಲೆಗೆ ಕಳಿಸಲಿಲ್ಲ.

ಅವ್ವ ತೀರಿಕೊಂಡ ಮೇಲೆ ವೇಣಿಯ ಮದುವೆಯನ್ನು ನಾನೇ ನಿಂತು ಮಾಡಿದೆ. ಹುಡುಗ ಯಲ್ಲಾಪುರ ತಾಲೂಕಿನ ಇಡಗುಂದಿಯವನು, ಗಣಪತಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ, ಜೊತೆಗೆ ಸ್ವಲ್ಪ ಗದ್ದೆ. ಹೆಣ್ಣು ನೋಡಲು ಬಂದ ದಿನದ ರವಿಕೆಗೂ ಹತ್ತಿ ಇಟ್ಟೆ, ಧಾರೆಯ ದಿನದ್ದಕ್ಕೂ ಇಟ್ಟೆ. ಗಂಡನ ಮನೆಯಲ್ಲಿ ಏನು ಹೇಳುತ್ತಾರೋ ಎಂದು ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಮೊದಲ ಸಲ ಇಬ್ಬರೂ ನಮ್ಮ ಮನೆಗೆ ಬಂದಾಗ ಗಣಪತಿ ಕೈಕಾಲು ತೊಳೆದು ಒಳಗೆ ಬರುತ್ತಲೇ ಶುರುಮಾಡಿದ.

"ಎಂತ ಅಕ್ಕ, ನಾನು ಇಡೀ ದಿನ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬವ. ನಂಗೇ ಹತ್ತಿ ತುಂಬಿ ಕೊಟ್ರಲೆ!"

ವೇಣಿ ಅವನ ಬೆನ್ನಿಗೆ ಗುದ್ದಿದಳು. "ಸುಮ್ನಿರ್ರಿ, ನಾಚ್ಕೆ ಇಲ್ಲ ನಿಮ್ಗೆ."

ನಾನು ಒಳಗೆ ಹೋಗಿ ಅತ್ತೆ. ಪಾರಾದೆ ಎಂದು ಅತ್ತದ್ದು.

ಮದುವೆಯಾಗಿ ಎರಡು ವರ್ಷಕ್ಕೆ ವೇಣಿ ಬಸುರಿಯಾದಳು. ಮೂರನೇ ತಿಂಗಳಲ್ಲಿ ಬಾವಿಯಿಂದ ನೀರು ಸೇದುವಾಗ ಕಣ್ಣು ಕತ್ತಲೆ ಬಂದು ಕೂತಳು. ಯಲ್ಲಾಪುರದಲ್ಲಿ ನೋಡಿದವರು ಶಿರಸಿಗೆ ಹೋಗಿ ಎಂದರು. ಶಿರಸಿಯಲ್ಲಿ ಎದೆಯ ಸ್ಕ್ಯಾನಿಂಗ್ ಮಾಡಿದವರು ನಡುವಿನಲ್ಲೇ ಮಾತು ನಿಲ್ಲಿಸಿ, ಇವತ್ತೇ ಹುಬ್ಬಳ್ಳಿಗೆ ಹೊರಡಿ ಎಂದರು. ಗಣಪತಿ ನನಗೆ ಫೋನು ಮಾಡಿದ. ನಾನು ಅರ್ಧ ಹೊಲಿದದ್ದನ್ನು ಯಂತ್ರದಲ್ಲೇ ಬಿಟ್ಟು ಹೋದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದು ಬಾಗಿಲಿನ ಎದುರಿಗೆ ಕೂತೆವು. ವೇಣಿ ಮಾತ್ರ ಚೆನ್ನಾಗಿದ್ದಳು. ಪಕ್ಕದ ಹೆಂಗಸು ಕೊಟ್ಟ ರೊಟ್ಟಿ ತಿಂದಳು, ಮಗುವಿಗೆ ಏನು ಹೆಸರಿಡಬೇಕು ಎಂದು ನನ್ನನ್ನು ಕೇಳಿದಳು. ಕೊನೆಗೆ ಒಳಗೆ ಕರೆದರು. ಡಾಕ್ಟರು ನಡುವಯಸ್ಸಿನ ಹೆಂಗಸು. "ಬರ್ರಿ, ಕುಂದರ್ರಿ," ಎಂದು ಮೂವರನ್ನೂ ಕೂರಿಸಿ, ವೇಣಿಯ ಬೆರಳು ನೋಡಿದರು, ಕಣ್ಣು ನೋಡಿದರು.

"ಮನ್ಯಾಗ ಹಿಂಗ ಎತ್ತರ ಇದ್ದು, ಸಣ್ಣ ವಯಸ್ಸಿನಾಗ ತಟ್ಟನೆ ತೀರಿಕೊಂಡವರು ಯಾರರ ಅದಾರೇನ್ರಿ?"

"ನಮ್ಮಪ್ಪ," ಎಂದೆ. ಬೆನ್ನು ನೋವು ಎಂದು ಮಲಗಿದ್ದನ್ನು ಹೇಳಿದೆ.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡ ಬಹಳ ಅಗಲವಾಗಿದೆ, ಒಂದು ಕವಾಟ ಸೋರುತ್ತಿದೆ, ಬಸಿರು ಬೆಳೆದರೆ ಆ ನಾಳ ತಡೆಯುವುದಿಲ್ಲ ಎಂದರು. ಎದೆಯ ಗುಳಿ, ಉದ್ದ ಬೆರಳು, ಮಂದವಾದ ಕಣ್ಣು, ಅಪ್ಪನ ಸಾವು ಎಲ್ಲ ಒಂದೇ ಬೇರಿನದು, ರಕ್ತದಲ್ಲೇ ಬಂದದ್ದು ಎಂದರು.

ನನಗೆ ತಡೆಯಲಾಗಲಿಲ್ಲ. "ಅದು ಹುಟ್ಟಿಂದ ಬಂದದ್ದಲ್ಲ ಡಾಕ್ಟ್ರೆ, ಕೂಸಿದ್ದಾಗ ನಾನು ಹೆಬ್ಬೆಟ್ಟಲ್ಲಿ ಒತ್ತಿದ್ದೆ," ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಎಷ್ಟು ವರ್ಷದಿಂದ ಇದನ್ನ ತಲ್ಯಾಗ ಇಟ್ಕೊಂಡು ಕುಂತೀರಿ ನೀವು? ನಿಮ್ಮ ಹೆಬ್ಬೆಟ್ಟಿನಿಂದ ಹಿಂಗ ಆಗೂದಲ್ರಿ. ಎಳೆಗೂಸಿನಾಗ ಸಣ್ಣಗ ಇದ್ದದ್ದು ಕಂಡಿರೂದಿಲ್ಲ, ಅಷ್ಟ."

ವೇಣಿ ನನ್ನ ಕೈ ಹಿಡಿದಳು. "ಇದಕ್ಕನೇ ನೀನು ನನ್ನ ಅಳತೆ ತೆಗಿವಾಗೆಲ್ಲ ಮುಖ ತಿರುಗಿಸ್ತಿದ್ದದ್ದು? ಹುಚ್ಚಿ."

ಡಾಕ್ಟರು ಮುಂದುವರಿಸಿದರು. "ಆದ್ರ ಇಷ್ಟು ವರ್ಷ ಯಾರೂ ನೋಡೇ ಇಲ್ಲೇನ್ರಿ? ಸಾಲ್ಯಾಗ ಇದ್ದಾಗ ಬಂದಿದ್ರ ಮಾತ್ರೆ ಶುರು ಮಾಡಿ, ವರ್ಷಾ ಸ್ಕ್ಯಾನ್ ಮಾಡಿ, ಇಲ್ಲಿತನಕ ಬಿಡ್ತಿರಲಿಲ್ಲ."

"ಶಾಲೇಲಿ ನೋಡಿದ್ರು ಡಾಕ್ಟ್ರೆ," ಎಂದಳು ವೇಣಿ. "ಅಕ್ಕ ಪೇಟೆಗೆ ಹೋಗಿ ಕೇಳ್ಕಂಡು ಬಂದಿದ್ಲು. ಎಂತಾ ಇಲ್ಲ ಅಂದ್ರಂತೆ."

"ಯಾರ್ರೀ ಅವರು ಹಂಗ ಹೇಳಿದವರು?"

ಮೂವರೂ ನನ್ನ ಮುಖ ನೋಡಿದರು. ಒಂದು ತಪ್ಪನ್ನು ಆಗಷ್ಟೇ ನನ್ನ ತಲೆಯಿಂದ ಇಳಿಸಿದ್ದರು. ಇನ್ನೊಂದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. "ನೆನಪಿಲ್ಲ," ಎಂದೆ.

ಆ ವಾರವೇ ಬಸಿರು ತೆಗೆಸಬೇಕಾಯಿತು. ಅದರ ಬಗ್ಗೆ ವೇಣಿ ಇವತ್ತಿಗೂ ಒಂದು ಮಾತು ಆಡಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ನನ್ನನ್ನೂ ಪರೀಕ್ಷೆ ಮಾಡಿದರು, ಒಡಹುಟ್ಟಿದವರಿಗೆಲ್ಲ ಮಾಡಬೇಕಂತೆ. "ನಿಮಗೇನೂ ಇಲ್ಲ, ಆರಾಮ ಇರ್ರಿ," ಎಂದರು.

ನಾಳದ ಬುಡವನ್ನೂ ಕವಾಟವನ್ನೂ ಬದಲಿಸುವ ದೊಡ್ಡ ಆಪರೇಷನ್ ಎರಡು ತಿಂಗಳ ನಂತರ ಆಯಿತು. ನಡುವೆ ಒಂದು ದಿನ ನಾನು ಕೋಲಸಿರ್ಸಿಗೆ ಹೋದೆ. ಗಂಗಜ್ಜಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳ ಸೊಸೆ ಅಂಗಳದಲ್ಲಿ ಬತ್ತ ಒಣಗಿಸುತ್ತಿದ್ದಳು. ನಿಮ್ಮ ಅತ್ತೆಯದು ತಪ್ಪೇ ಇರಲಿಲ್ಲ ಎಂದು ಹೇಳಿದೆ. ಅವಳು ಕೈಯಾಡಿಸುತ್ತಲೇ, "ಈಗೆಂತಕ್ಕೆ ಮಾರಾಯ್ತಿ ಆ ಸುದ್ದಿ? ಅವ್ರಿದ್ದಾಗ ಹೇಳಿದ್ರೆ ಆಗ್ತಿತ್ತು. ಬಾಳ ಬೇಜಾರು ಮಾಡ್ಕಂಡಿದ್ರು," ಎಂದಳು. ಕೂರು ಎನ್ನಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಏಳಕ್ಕೆ ವೇಣಿಯನ್ನು ಒಳಗೆ ಕರೆದುಕೊಂಡು ಹೋದರು. ಗುಳಿ ಇರುವುದರಿಂದ ಎದೆ ತೆರೆಯುವುದು ಕಷ್ಟ, ಹೊತ್ತು ಹೆಚ್ಚು ಬೇಕು ಎಂದು ಮೊದಲೇ ಹೇಳಿದ್ದರು. ಹೋಗುವ ಮುಂಚೆ ಅವಳು ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಆಗ ಹೇಳಬಹುದಿತ್ತು. ಅಂಥ ಹೊತ್ತಿನಲ್ಲಿ ಅವಳ ಮನಸ್ಸು ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಅವಳು ತಿರುಗಿ ಬರದಿದ್ದರೆ ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂಬ ಯೋಚನೆ ಒಂದು ಗಳಿಗೆ ನನ್ನ ತಲೆಯಲ್ಲಿ ಬಂದು ಹೋಯಿತು. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು.

ಕಾಯುವ ಕೋಣೆಯಲ್ಲಿ ಗಣಪತಿ ಪೇಟೆಯ ಆ ಡಾಕ್ಟರಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ನಡುನಡುವೆ ಎದ್ದು ಹೋಗಿ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದ. ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜ ತಾನು ತಂದ ಚಹದಲ್ಲಿ ಅರ್ಧ ನನಗೆ ಸುರಿದು, "ಕುಡೀರಿ ತಂಗಿ, ಒಳಗಿದ್ದವರಿಗೆ ನಾವು ಗಟ್ಟಿ ಇರಬೇಕು," ಎಂದ. ಅವನ ಮಗ ಒಳಗಿದ್ದ. ಸಂಜೆ ಐದಕ್ಕೆ ನಮ್ಮನ್ನು ಕರೆದು, ವೇಣಿ ಉಳಿದಿದ್ದಾಳೆ ಎಂದರು.

ಒಂದೂವರೆ ತಿಂಗಳ ಮೇಲೆ ನಾನು ಇಡಗುಂದಿಗೆ ಹೋದೆ. ವೇಣಿ ಜಗುಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಗಣಪತಿ ಬಿಳಿ ಹಾಳೆ, ಪೆನ್ನು ತಂದು ನನ್ನ ಎದುರಿಗಿಟ್ಟ.

"ಅಕ್ಕ, ದೂರು ಕೊಡುದೇ ಸೈ. ಆ ಡಾಕ್ಟ್ರ ಹೆಸ್ರು ನೆನಪು ಮಾಡು."

"ಹನ್ನೊಂದು ವರ್ಷ ಆಯ್ತಲೊ."

"ದವಾಖಾನೆ ಎಲ್ಲಿತ್ತು ಹೇಳು ಸಾಕು. ಹುಡುಕ್ತೆ."

ವೇಣಿ ಸಣ್ಣ ದನಿಯಲ್ಲಿ ಹೇಳಿದಳು. "ಬಸ್‌ಸ್ಟ್ಯಾಂಡ್ ಹತ್ರ ಅಂದಿದ್ದೆ ಅಲ್ದನೆ ಅಕ್ಕ? ಕನ್ನಡ್ಕ ಹಾಕಿದ್ದ ಮುದುಕ್ರು, ಪಾಪ, ನಿಂಗೆ ಕೂರುಕೆ ಖುರ್ಚಿ ಕೊಟ್ರು ಅಂದಿದ್ದೆ."

ಅಷ್ಟೆಲ್ಲ ಹೇಳಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು.

"ಅಂಥ ಡಾಕ್ಟ್ರು ಇಲ್ಲ," ಎಂದೆ.

"ಸತ್ತುಹೋದ್ರಾ?" ಎಂದ ಗಣಪತಿ.

"ಇರ್ಲೇ ಇಲ್ಲ. ನಾನು ಯಾರ ಹತ್ರನೂ ಹೋಗ್ಲೇ ಇಲ್ಲ. ಚೀಟಿ ಒಲೆಗೆ ಹಾಕ್ದೆ."

ಯಾಕೆ ಎಂದೂ ಹೇಳಿದೆ. ಗಣಪತಿ ಹಾಳೆಯನ್ನು ಎತ್ತಿಕೊಂಡು ಒಳಗೆ ಹೋದ. ವೇಣಿ ಕೇಳಿದಳು.

"ಅದ್ರಲ್ಲಿ ಎಂತ ಬರ್ದಿತ್ತು? ಹೆದ್ರಿಕೆ ಆಗಿ ನಾನು ಬಿಚ್ಚಿ ನೋಡಿರ್ಲಿಲ್ಲ."

ಹೇಳಿದೆ. ಪ್ರತಿ ಅಕ್ಷರ ನೆನಪಿತ್ತು.

"ತಡಮಾಡಬೇಡಿ ಅಂತ ಇತ್ತಾ?"

"ಇತ್ತು."

"ನಿಂಗೆ ಹೆದ್ರಿಕೆ ಆದ್ರೆ ನಂಗೆ ಹೇಳ್ಬೇಕಿತ್ತು. ಶಾಲೆ ಎದ್ರಿಗೇ ರಿಕ್ಷಾ ನಿಲ್ತಿತ್ತು. ನಾನೇ ಹೋಗಿ ಬರ್ತಿದ್ನೆ ಅಕ್ಕ."

ಅಷ್ಟೇ ಅಂದಳು. ಅಳಲಿಲ್ಲ, ಎದೆಗೆ ಒತ್ತಡ ಬೀಳುತ್ತದೆಂದು ಅಳುವುದನ್ನೂ ಬೇಡವೆಂದಿದ್ದರು. ಹೊರಡುವಾಗ ಒಳಗಿನಿಂದ ಗಣಪತಿ, "ಉಂಡ್ಕಂಡು ಹೋಗು," ಎಂದ. ನಾನು ಉಣ್ಣದೆ ಬಸ್ಸಿಗೆ ನಡೆದೆ.

ಐದು ತಿಂಗಳು ಅವಳು ಫೋನು ಮಾಡಲಿಲ್ಲ. ನಾನು ಮಾಡಿದರೆ ಗಣಪತಿ ಎತ್ತಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ ಎಂದು ಇಡುತ್ತಿದ್ದ. ಮಳೆ ಹಿಡಿದು ಕಾಡಿನಲ್ಲಿ ಸಸಿ ನೆಡುವ ಕೆಲಸ ಶುರುವಾದಾಗ ಅವನೇ ಒಂದು ದಿನ ಫೋನು ಮಾಡಿದ. "ಹುಬ್ಬಳ್ಳಿಗೆ ತೋರ್ಸುಕೆ ಹೋಗ್ಬೇಕು, ನಂಗೆ ರಜೆ ಇಲ್ಲ. ನೀನು ಹೋಗ್ತ್ಯಾ? ಅವ್ಳನ್ನ ಕೇಳ್ದೆ, ಬೇಡ ಅನ್ಲಿಲ್ಲ."

ಯಲ್ಲಾಪುರದ ನಿಲ್ದಾಣದಲ್ಲಿ ಇಬ್ಬರೂ ಸೇರಿದೆವು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಕಲಘಟಗಿ ದಾಟುವವರೆಗೆ ಮಾತಿರಲಿಲ್ಲ, ಆಮೇಲೆ ಕಿಟಕಿ ಹಾಕು ಎಂದಳು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮುಗಿದು, ಡಾಕ್ಟರ ಬಾಗಿಲಿನ ಎದುರಿಗೆ ಎರಡು ತಾಸು ಕಾದೆವು. ಆಗಲೇ ನಾನು ದುಪಟ್ಟಾ ಹೊದ್ದ ಆ ಹುಡುಗಿಯನ್ನೂ ತಾಯಿಯನ್ನೂ ಕಂಡದ್ದು. ಮಾತಾಡಿಸಬೇಕೆಂದು ಎದ್ದೆ, ಅಷ್ಟರಲ್ಲಿ ಬೇರೆ ಬಾಗಿಲಿನಿಂದ ಅವರ ಹೆಸರು ಕೂಗಿದರು, ಎದ್ದು ಹೋದರು. ಆಮೇಲೆ ವೇಣಿಯನ್ನು ಕರೆದರು. ರೂಢಿಯಂತೆ ಅವಳ ಫೈಲು ಹಿಡಿದು ಹಿಂದೆ ಹೊರಟೆ. ಬಾಗಿಲಲ್ಲಿ ಅವಳು ನಿಂತು ಕೈ ಚಾಚಿದಳು.

"ಅದನ್ನ ನಂಗೆ ಕೊಡು. ನೀನು ಇಲ್ಲೇ ಕೂತಿರು. ಅವ್ರು ಹೇಳುದನ್ನ ನಾನೇ ಕೇಳ್ಕಂಡು ಬರ್ತೆ."

ಬಾಗಿಲು ಮುಚ್ಚಿತು. ಬೆಂಚಿನಲ್ಲಿ ಕೂತು ಕಾದೆ. ಅರ್ಧ ತಾಸಿಗೆ ಹೊರಗೆ ಬಂದಳು. ನನ್ನ ಪಕ್ಕ ಕೂತು, ಉಸಿರು ಹದಕ್ಕೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡು, ಹೇಳತೊಡಗಿದಳು. ಹೊಸ ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದೆ. ರಕ್ತ ತೆಳುವಾಗಿಸುವ ಮಾತ್ರೆ ಬದುಕಿರುವವರೆಗೆ ಬೇಕು. ಎದೆಯ ಗುಳಿಯನ್ನು ಇನ್ನು ಮುಟ್ಟುವುದಿಲ್ಲ. ಹೊಟ್ಟೆಯ ಕಡೆ ಇಳಿಯುವ ನಾಳ ಹೋದ ಸಲಕ್ಕಿಂತ ಸ್ವಲ್ಪ ಅಗಲವಾಗಿದೆ, ಮುಂದೆ ಏನಾಗುತ್ತದೆ ಎಂದು ಈಗ ಹೇಳಲು ಬರುವುದಿಲ್ಲ. ಮಕ್ಕಳ ಮಾತು ಮತ್ತೆ ಕೇಳಿದೆ, ಆಗದು ಎಂದರು.

ಒಂದನ್ನೂ ಬಿಡದೆ, ನನ್ನ ಮುಖ ನೋಡುತ್ತಲೇ ಹೇಳಿದಳು. ಆಮೇಲೆ ಎದ್ದು ಚೀಲ ಹೆಗಲಿಗೇರಿಸಿ, "ನಡಿ, ನಾಲ್ಕು ಗಂಟೆ ಬಸ್ ಹೋದ್ರೆ ಆಮೇಲೆ ಕಷ್ಟ," ಎಂದಳು.